ಹವಳಸ್ನೇಹಿ ಮೀನುಗಳು

ಹವಳಸ್ನೇಹಿ ಮೀನುಗಳು ಎಂದರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ ಜೀವಂತ ಹವಳಗಳ ಜೊತೆಗೆ ಇರಿಸಿದಾಗ ಆ ಹವಳಗಳನ್ನಾಗಲಿ, ಅವುಗಳೊಡನೆ ಬದುಕುವ ಸಿಗಡಿ, ಏಡಿ, ಬಸವನಹುಳು ಮೊದಲಾದ ಅಕಶೇರುಕ ಜೀವಿಗಳನ್ನಾಗಲಿ ತಿನ್ನದ, ಕೆಡಿಸದ ಮೀನುಗಳು. ಈ ಪದವು ಜೀವಶಾಸ್ತ್ರದ ವರ್ಗೀಕರಣಕ್ಕೆ ಸೇರಿದುದಲ್ಲ. ಮನೆಗಳಲ್ಲಿ ಸಮುದ್ರದ ಮೀನುಗಳನ್ನು ಸಾಕುವವರ ಮತ್ತು ಮಾರುವವರ ನಡುವೆ ಬಳಕೆಗೆ ಬಂದದ್ದು. ಮೀನಿನ ಕುಲ, ಆಹಾರಕ್ರಮ, ಬೆಳೆದಾಗಿನ ಗಾತ್ರ, ತೊಟ್ಟಿಯ ವಿಸ್ತಾರ ಮತ್ತು ಅದರಲ್ಲಿ ಈಗಾಗಲೇ ನೆಲೆಸಿರುವ ಇತರ ಜೀವಿಗಳು ಇವೆಲ್ಲವನ್ನೂ ಒಟ್ಟಿಗೆ ಪರಿಗಣಿಸಿಯೇ ಒಂದು ಮೀನು ಒಂದು ತೊಟ್ಟಿಗೆ ಹೊಂದುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಬೇಕಾಗುತ್ತದೆ.

ಪದದ ಅರ್ಥ ಮತ್ತು ಮಿತಿ

ಹವಳದ ದಿಬ್ಬಗಳಲ್ಲಿ ವಾಸಿಸುವ ಮೀನುಗಳೆಲ್ಲ ಹವಳಕ್ಕೆ ನಿರಪಾಯಕಾರಿ ಎಂಬ ಭಾವನೆ ಹೊಸಬರಲ್ಲಿ ಸಾಮಾನ್ಯ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ದಿಬ್ಬದಲ್ಲಿ ವಾಸಿಸುವ ಅನೇಕ ಮೀನುಗಳಿಗೆ ಆ ದಿಬ್ಬವೇ ಆಹಾರ. ಸಮುದ್ರದಲ್ಲಿ ಚಿಟ್ಟೆಮೀನೊಂದು ಮೈಲುಗಟ್ಟಲೆ ಹರಡಿದ ಹವಳಗಳಲ್ಲಿ ಅಲ್ಲೊಂದು ಇಲ್ಲೊಂದು ಪಾಲಿಪ್ ಕಿತ್ತು ತಿಂದರೆ ಹವಳವು ಆ ಗಾಯವನ್ನು ತುಂಬಿಕೊಳ್ಳುತ್ತದೆ. ಅದೇ ಮೀನನ್ನು ಅಂಗೈಯಗಲದ ನಾಲ್ಕಾರು ಹವಳದ ತುಂಡುಗಳಿರುವ ತೊಟ್ಟಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಬಿಳಿಯ ಅಸ್ಥಿಪಂಜರವಷ್ಟೇ ಉಳಿಯಬಹುದು.

‘ಹವಳಸ್ನೇಹಿ’ ಎಂಬ ಮಾತು ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿಸುತ್ತದೆ. ಮೀನು ಹವಳವನ್ನು ಮುಟ್ಟುವುದೇ ಎಂಬುದು ಮೊದಲನೆಯದು. ಅದು ಉಳಿದ ಮೀನುಗಳೊಡನೆ ಬಾಳುವುದೇ ಎಂಬುದು ಎರಡನೆಯದು. ಸಿಂಹಮೀನು ಇದಕ್ಕೆ ಒಳ್ಳೆಯ ಉದಾಹರಣೆ. ಟೆರೋಯಿಸ್ ವೋಲಿಟಾನ್ಸ್ ಎಂಬ ಈ ವಿಷಮುಳ್ಳಿನ ಮೀನು ಹವಳದತ್ತ ತಿರುಗಿಯೂ ನೋಡುವುದಿಲ್ಲ, ಆದರೆ ತನ್ನ ಬಾಯಿಯಲ್ಲಿ ಹಿಡಿಸುವ ಮೀನು, ಸಿಗಡಿಗಳನ್ನೆಲ್ಲ ನುಂಗಿಬಿಡುತ್ತದೆ. ಪಟ್ಟಿಗಳಲ್ಲಿ ಅದರ ಮುಂದೆ ‘ಹವಳಸ್ನೇಹಿ’ ಎಂದು ಬರೆದಿದ್ದರೆ ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹವಳ ತಿನ್ನುವ ಮೀನುಗಳು

ಚಿಟ್ಟೆಮೀನುಗಳ ಕುಟುಂಬದಲ್ಲಿ ಹವಳದ ಪಾಲಿಪ್‌ಗಳನ್ನೇ ಮುಖ್ಯ ಆಹಾರವಾಗಿ ಉಳ್ಳ ಜಾತಿಗಳು ಹಲವಿವೆ. ಕೀಟೊಡಾನ್ ಟ್ರೈಫ್ಯಾಸಿಯಾಲಿಸ್, ಕೀಟೊಡಾನ್ ಮೆಯೆರಿ, ಕೀಟೊಡಾನ್ ಆರ್ನಟಿಸಿಮಸ್ ಮುಂತಾದವು ತೊಟ್ಟಿಯಲ್ಲಿ ಬೇರೆ ಆಹಾರವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಹೀಗಾಗಿ ಇವುಗಳನ್ನು ತಂದ ಮನೆಯಲ್ಲಿ ಹವಳವಿದ್ದರೆ ಹವಳ ಸಾಯುತ್ತದೆ, ಹವಳವಿಲ್ಲದಿದ್ದರೆ ಮೀನು ಸಾಯುತ್ತದೆ. ಕಿತ್ತಳೆ ಚುಕ್ಕೆಯ ಫೈಲ್‌ಫಿಶ್ ಎಂಬ ಪುಟ್ಟ ಮೀನಿನ ಕಥೆಯೂ ಇದೇ. ಅದು ಅಕ್ರೊಪೋರ ಎಂಬ ಕವಲೊಡೆಯುವ ಹವಳವನ್ನೇ ನೆಚ್ಚಿಕೊಂಡಿದೆ.

ಗಿಳಿಮೀನುಗಳು ಕೊಕ್ಕಿನಂತಹ ಹಲ್ಲುಗಳಿಂದ ಹವಳದ ಕಲ್ಲನ್ನೇ ಕೆರೆದು ನುಂಗಿ, ಪುಡಿಯಾದ ಸುಣ್ಣವನ್ನು ಮರಳಾಗಿ ಹೊರಹಾಕುತ್ತವೆ. ಟ್ರಿಗರ್‌ಫಿಶ್ ಮತ್ತು ಪಫರ್‌ಗಳ ದವಡೆಗಳು ಚಿಪ್ಪನ್ನೂ ಏಡಿಯ ಕವಚವನ್ನೂ ಒಡೆಯಲೆಂದೇ ರೂಪುಗೊಂಡಿವೆ. ದೊಡ್ಡ ಏಂಜೆಲ್‌ಫಿಶ್‌ಗಳು ಪ್ರಕೃತಿಯಲ್ಲಿ ಸ್ಪಂಜುಗಳನ್ನೂ ಮೃದು ಜೀವಿಗಳನ್ನೂ ಮೇಯುವುದರಿಂದ ತೊಟ್ಟಿಯ ಹವಳಗಳಿಗೆ ಅವುಗಳ ಕಾಟ ತಪ್ಪಿದ್ದಲ್ಲ. ಅಪವಾದಗಳೂ ಇವೆ. ನೀಲಿ ಗಂಟಲಿನ ಟ್ರಿಗರ್‌ಫಿಶ್ ನೀರಿನಲ್ಲಿ ತೇಲಿಬರುವ ಪ್ಲವಕಗಳನ್ನು ತಿನ್ನುವ ಜಾತಿಯಾದ್ದರಿಂದ ತನ್ನ ಬಂಧುಗಳಿಗಿಂತ ಸೌಮ್ಯವಾದುದು. ಮೀನಿನ ಸ್ವಭಾವವನ್ನು ಊಹಿಸಲು ಅದರ ಬಾಯಿಯ ರಚನೆಯನ್ನೂ ಅದು ಸಮುದ್ರದಲ್ಲಿ ಏನು ತಿನ್ನುತ್ತದೆ ಎಂಬುದನ್ನೂ ತಿಳಿಯುವುದು ಬಣ್ಣ ನೋಡುವುದಕ್ಕಿಂತ ಹೆಚ್ಚು ಉಪಯುಕ್ತ.

ಸಾಮಾನ್ಯವಾಗಿ ಹೊಂದುವ ಮೀನುಗಳು

ಕ್ಲೌನ್‌ಮೀನು: 2003ರ ‘ಫೈಂಡಿಂಗ್ ನೀಮೊ’ ಚಲನಚಿತ್ರದಿಂದ ಮನೆಮಾತಾದ ಆಂಫಿಪ್ರಿಯಾನ್ ಒಸೆಲ್ಲಾರಿಸ್, ಹೊಸಬರಿಗೆ ಹೆಚ್ಚಾಗಿ ಸೂಚಿಸಲಾಗುವ ಮೀನು. ಹತ್ತು ಸೆಂಟಿಮೀಟರಿನ ಆಸುಪಾಸಿಗೆ ಬೆಳೆಯುವ ಇದು ತೊಟ್ಟಿಯಲ್ಲಿ ಹೆಚ್ಚು ದೂರ ಅಲೆಯದೆ ಒಂದು ಮೂಲೆಯನ್ನು ತನ್ನದಾಗಿಸಿಕೊಂಡು ಬಾಳುತ್ತದೆ. ಹುಟ್ಟುವಾಗ ಕ್ಲೌನ್‌ಮೀನುಗಳಲ್ಲಿ ಹೆಣ್ಣು ಇರುವುದಿಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗಿ, ಅದರ ನಂತರದ್ದು ಗಂಡಾಗಿ ನಿಲ್ಲುತ್ತದೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ಗಾತ್ರದಲ್ಲಿ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ತಂದರೆ ಅವು ತಾವೇ ಜೋಡಿಯಾಗುತ್ತವೆ. ಮೂರನೆಯದನ್ನು ಸೇರಿಸಿದರೆ ಅದನ್ನು ಉಳಿದೆರಡು ಅಟ್ಟಾಡಿಸುವುದೇ ಹೆಚ್ಚು.

ಸಮುದ್ರದಲ್ಲಿ ಈ ಮೀನು ಸೀ ಅನಿಮೋನ್ ಎಂಬ ಕುಟುಕುವ ಜೀವಿಯ ಆಶ್ರಯದಲ್ಲಿರುತ್ತದೆ. ಮನೆಯ ತೊಟ್ಟಿಯಲ್ಲಿ ಅನಿಮೋನ್ ಅಗತ್ಯವಿಲ್ಲ. ಅನಿಮೋನ್‌ಗೆ ಪ್ರಖರ ಬೆಳಕೂ ಪಳಗಿದ ನೀರೂ ಬೇಕು. ಒಗ್ಗದಿದ್ದರೆ ಅದು ನೆಲೆ ಬಿಟ್ಟು ನಡೆಯುತ್ತ ದಾರಿಯಲ್ಲಿ ಸಿಕ್ಕ ಹವಳಗಳನ್ನು ಕುಟುಕುತ್ತದೆ, ಕೆಲವೊಮ್ಮೆ ಪಂಪಿಗೆ ಸಿಲುಕಿ ಚೂರಾಗಿ ಇಡೀ ತೊಟ್ಟಿಯನ್ನೇ ಕೆಡಿಸುತ್ತದೆ. ಅನಿಮೋನ್ ಸಿಗದ ಕ್ಲೌನ್‌ಮೀನು ಯೂಫಿಲಿಯದಂತಹ ಉದ್ದ ಗ್ರಹಣಾಂಗಗಳ ಹವಳವನ್ನೇ ಮನೆಮಾಡಿಕೊಂಡು, ಸದಾ ಉಜ್ಜಾಡಿ ಅದು ಅರಳದಂತೆ ಮಾಡುವುದುಂಟು. ಹವಳಸ್ನೇಹಿಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುವ ಮೀನಿಗೂ ಇಂತಹ ಷರತ್ತು ತಪ್ಪಿಲ್ಲ.

ರಾಯಲ್ ಗ್ರಾಮ: ಕೆರಿಬಿಯನ್ ಸಮುದ್ರದ ಗ್ರಾಮ ಲೊರೆಟೊ, ಮುಂಭಾಗ ನೇರಳೆ, ಹಿಂಭಾಗ ಹಳದಿಯಾದ ಎಂಟು ಸೆಂಟಿಮೀಟರಿನ ಮೀನು. ಕಲ್ಲಿನ ಗುಹೆಯೊಂದನ್ನು ಕಾಯುವುದನ್ನು ಬಿಟ್ಟರೆ ಇತರರ ಗೊಡವೆಗೆ ಹೋಗುವುದು ಕಡಿಮೆ. ಕೊಳ್ಳುವಾಗ ಇಲ್ಲೊಂದು ಮೋಸಹೋಗುವ ಸಂಭವವಿದೆ. ಪಶ್ಚಿಮ ಪೆಸಿಫಿಕ್‌ನ ರಾಯಲ್ ಡಾಟಿಬ್ಯಾಕ್ ಎಂಬ ಮೀನಿಗೂ ಇದೇ ಎರಡು ಬಣ್ಣಗಳಿವೆ. ಆದರೆ ಅದು ಮಹಾ ಜಗಳಗಂಟ. ಗ್ರಾಮದ ಮೈಮೇಲೆ ನೇರಳೆಯು ಹಳದಿಯೊಳಗೆ ಚುಕ್ಕೆಚುಕ್ಕೆಯಾಗಿ ಕರಗುತ್ತದೆ, ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟೂ ಇರುತ್ತದೆ. ಡಾಟಿಬ್ಯಾಕ್‌ನ ಮೈಮೇಲೆ ಎರಡು ಬಣ್ಣಗಳು ಗೆರೆ ಎಳೆದಂತೆ ಬೇರೆಯಾಗಿರುತ್ತವೆ.

ಕಾವಲು ಗೋಬಿ: ಕ್ರಿಪ್ಟೊಸೆಂಟ್ರಸ್ ಸಿಂಕ್ಟಸ್ ಮೊದಲಾದ ಗೋಬಿಗಳು ಆಲ್ಫಿಯಸ್ ಕುಲದ ಪಿಸ್ತೂಲು ಸಿಗಡಿಗಳೊಡನೆ ಒಂದೇ ಬಿಲದಲ್ಲಿ ವಾಸಿಸುತ್ತವೆ. ಸಿಗಡಿಗೆ ದೃಷ್ಟಿ ಮಂದ, ಆದರೆ ಬಿಲ ತೋಡುವುದರಲ್ಲಿ ಅದು ನಿಸ್ಸೀಮ. ಗೋಬಿಗೆ ಕಣ್ಣು ಚುರುಕು, ಬಿಲ ತೋಡಲು ಬಾರದು. ಸಿಗಡಿಯು ಹೊರಗೆ ಬಂದಾಗ ತನ್ನ ಮೀಸೆಯೊಂದನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡ ಮೀನು ಬಾಲ ಅದುರಿಸಿದೊಡನೆ ಎರಡೂ ಒಳಸೇರುತ್ತವೆ. ಈ ಸಹಬಾಳ್ವೆಯನ್ನು ಮನೆಯಲ್ಲಿ ಕಾಣಬಹುದಾದ್ದರಿಂದ ಶಾಲಾ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಬಿಲ ತೋಡುವಾಗ ಮೇಲಿನ ಕಲ್ಲು ಕುಸಿಯದಂತೆ, ಕಲ್ಲುಗಳನ್ನು ಮರಳಿನ ಮೇಲಲ್ಲದೆ ತೊಟ್ಟಿಯ ತಳದ ಮೇಲೆಯೇ ಊರಿ ಇಡಬೇಕು.

ಬಂಗ್ಗಾಯ್ ಕಾರ್ಡಿನಲ್: ಟೆರಪೋಗಾನ್ ಕೌಡೆರ್ನಿ ಇಂಡೊನೇಷ್ಯದ ಬಂಗ್ಗಾಯ್ ದ್ವೀಪಸಮೂಹಕ್ಕೆ ಸೀಮಿತವಾದ, ಕಪ್ಪು ಪಟ್ಟೆಗಳ ಬೆಳ್ಳಿಬಣ್ಣದ ಮೀನು. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿಮಾಡುತ್ತದೆ. ಮರಿಗಳು ತೇಲುವ ಲಾರ್ವಾ ಹಂತವಿಲ್ಲದೆ ತಂದೆಯ ಬಳಿಯೇ ನೆಲೆಸುವುದರಿಂದ ಈ ಜಾತಿ ದೂರಕ್ಕೆ ಹರಡಿಲ್ಲ. ಅದೇ ಕಾರಣದಿಂದ ಅಕ್ವೇರಿಯಂಗಾಗಿ ನಡೆದ ಹಿಡಿತ ಅದಕ್ಕೆ ಬಲವಾದ ಪೆಟ್ಟು ನೀಡಿತು. 2007ರಲ್ಲಿ ಇದನ್ನು ಐಯುಸಿಎನ್ ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿಗೆ ಸೇರಿಸಲಾಯಿತು. ಸಾಕಿದ ಸ್ಥಿತಿಯಲ್ಲಿ ಸುಲಭವಾಗಿ ಮರಿಮಾಡುವ ಈ ಮೀನನ್ನು ಸಮುದ್ರದಿಂದ ಹಿಡಿದು ತರುವುದಕ್ಕೆ ಸಮರ್ಥನೆ ಇಲ್ಲ.

ಇವಲ್ಲದೆ ಫೈರ್‌ಫಿಶ್, ಪಾಚಿ ಮೇಯುವ ಸಲೇರಿಯಸ್ ಬ್ಲೆನಿ, ಸಿರಿಲೇಬ್ರಸ್ ಕುಲದ ಫೇರಿ ರಾಸ್‌ಗಳು, ಹಸಿರು ಕ್ರೋಮಿಸ್ ಮುಂತಾದವೂ ಹವಳಕ್ಕೆ ಹೊಂದುತ್ತವೆ. ಫೈರ್‌ಫಿಶ್ ಮತ್ತು ರಾಸ್‌ಗಳು ಬೆದರಿದಾಗ ನೀರಿನಿಂದ ಹಾರುವುದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಕಡ್ಡಾಯ. ಹಸಿರು ಕ್ರೋಮಿಸ್‌ಗಳನ್ನು ಹಿಂಡಾಗಿ ತರುವ ವಾಡಿಕೆಯಿದೆ. ಸಣ್ಣ ತೊಟ್ಟಿಗಳಲ್ಲಿ ಆ ಹಿಂಡು ಒಂದೊಂದಾಗಿ ಕರಗಿ ಕೊನೆಗೆ ಬಲಿಷ್ಠವಾದದ್ದೊಂದೇ ಉಳಿಯುವುದನ್ನು ಸಾಕುವವರು ಮತ್ತೆ ಮತ್ತೆ ಕಂಡಿದ್ದಾರೆ.

ಷರತ್ತಿನ ಮೇಲೆ ಹೊಂದುವ ಮೀನುಗಳು

ಸೆಂಟ್ರೊಪೈಗಿ ಕುಲದ ಕುಬ್ಜ ಏಂಜೆಲ್‌ಗಳ ವಿಷಯದಲ್ಲಿ ಯಾರೂ ಖಚಿತವಾದ ಭರವಸೆ ನೀಡಲಾರರು. ಒಂದೇ ಜಾತಿಯ ಎರಡು ಮೀನುಗಳಲ್ಲಿ ಒಂದು ವರ್ಷಗಟ್ಟಲೆ ಪಾಚಿ ಮೇಯುತ್ತ ಸುಮ್ಮನಿರಬಹುದು, ಇನ್ನೊಂದು ಮೊದಲ ವಾರದಲ್ಲೇ ಹವಳವನ್ನೂ ದೈತ್ಯ ಕಪ್ಪೆಚಿಪ್ಪಿನ ಅಂಚನ್ನೂ ಕುಕ್ಕಬಹುದು. ಹವಳ ತುಂಬಿದ ತೊಟ್ಟಿಯಿಂದ ಮೀನೊಂದನ್ನು ಮರಳಿ ಹಿಡಿಯಬೇಕಾದರೆ ಕಲ್ಲುಗಳನ್ನೆಲ್ಲ ಕಿತ್ತು ತೆಗೆಯಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಇಂತಹ ಪ್ರಯೋಗಕ್ಕೆ ಇಳಿಯಬೇಕು.

ತಾಮ್ರವರ್ಣದ ಪಟ್ಟೆಗಳ ಕೆಲ್ಮಾನ್ ರಾಸ್ಟ್ರೇಟಸ್ ಎಂಬ ಚಿಟ್ಟೆಮೀನನ್ನು ಐಪ್ಟೇಸಿಯ ಎಂಬ ಕಳೆಯಂತೆ ಹಬ್ಬುವ ಅನಿಮೋನ್‌ನ ನಿವಾರಣೆಗಾಗಿ ತರಲಾಗುತ್ತದೆ. ಅದು ಐಪ್ಟೇಸಿಯವನ್ನು ತಿನ್ನುವುದುಂಟು. ಜೊತೆಗೆ ಬೀಸಣಿಗೆ ಹುಳುಗಳನ್ನೂ ತಿನ್ನುತ್ತದೆ. ಎಷ್ಟೋ ವೇಳೆ ಏನನ್ನೂ ತಿನ್ನದೆ ಸೊರಗುತ್ತದೆ. ಅಂಗಡಿಯಲ್ಲಿಯೇ ಅದು ಆಹಾರ ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆ ಕೊಳ್ಳುವುದು ಲೇಸು. ಆರು ಗೆರೆಯ ರಾಸ್ ಕೂಡ ಹವಳದ ಮೇಲಿನ ಕೀಟಗಳನ್ನು ಹೆಕ್ಕುವ ಉಪಕಾರಿಯೇ. ಆದರೆ ಅದು ನೆಲೆಯೂರಿದ ತೊಟ್ಟಿಗೆ ಆಮೇಲೆ ಬರುವ ಸಾಧು ಮೀನುಗಳಿಗೆ ಉಳಿಗಾಲವಿಲ್ಲ.

ಹಸಿವಿನಿಂದ ಸಾಯುವ ಮೀನುಗಳು

ಹವಳಕ್ಕೆ ಯಾವ ಕೇಡನ್ನೂ ಮಾಡದ ಕೆಲವು ಮೀನುಗಳಿಗೆ ತೊಟ್ಟಿಯೇ ಕೇಡಾಗುತ್ತದೆ. ಇವುಗಳಲ್ಲಿ ಮ್ಯಾಂಡರಿನ್ ಮೀನು ಮುಖ್ಯವಾದುದು. ಸಿಂಕಿರೋಪಸ್ ಸ್ಪ್ಲೆಂಡಿಡಸ್ ಎಂಬ ಈ ಪುಟ್ಟ ಮೀನಿನ ನೀಲಿಯು ಅಸಾಧಾರಣವಾದುದು. ಬಹುತೇಕ ಪ್ರಾಣಿಗಳಲ್ಲಿ ನೀಲಿ ಎಂಬುದು ಬೆಳಕಿನ ಚದುರುವಿಕೆಯಿಂದ ಕಾಣುವ ಬಣ್ಣವಾದರೆ, ಇದರ ಚರ್ಮದ ಕೋಶಗಳಲ್ಲಿ ನೀಲಿ ವರ್ಣದ್ರವ್ಯವೇ ಇದೆ. ಈ ಚೆಲುವಿಗೆ ಮಾರುಹೋಗಿ ಕೊಂಡವರ ಮನೆಗಳಲ್ಲಿ ಅದು ಕೆಲವು ವಾರಗಳಲ್ಲಿ ಬಡಕಲಾಗಿ ಸಾಯುವುದು ವಾಡಿಕೆಯಾಗಿತ್ತು. ಕಾರಣ ಸರಳ: ದಿನವಿಡೀ ಕಲ್ಲಿನ ಮೇಲೆ ಕೋಪೆಪಾಡ್ ಎಂಬ ಸೂಕ್ಷ್ಮ ಕಠಿಣಚರ್ಮಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುವುದೇ ಅದರ ಜೀವನಕ್ರಮ, ಒಣ ಆಹಾರವನ್ನು ಅದು ಆಹಾರವೆಂದೇ ಗುರುತಿಸುವುದಿಲ್ಲ. ಒಂದು ವರ್ಷದಷ್ಟಾದರೂ ಹಳೆಯದಾದ, ಕಲ್ಲು ಧಾರಾಳವಾಗಿರುವ ದೊಡ್ಡ ತೊಟ್ಟಿಯಲ್ಲಿ ಮಾತ್ರ ಕೋಪೆಪಾಡ್‌ಗಳು ಅದಕ್ಕೆ ಸಾಲುವಷ್ಟು ಹುಟ್ಟುತ್ತವೆ. ಮರಿಯಿಂದಲೇ ಸಾಕಿ ಬೇರೆ ಆಹಾರ ರೂಢಿ ಮಾಡಿಸಿದ ಮ್ಯಾಂಡರಿನ್‌ಗಳು ಈಗ ಕೆಲವೆಡೆ ದೊರೆಯುತ್ತವೆ.

ಇತರ ಮೀನುಗಳ ಮೈಯಿಂದ ಪರಾವಲಂಬಿಗಳನ್ನು ಹೆಕ್ಕುವ ಕ್ಲೀನರ್ ರಾಸ್ ಮತ್ತು ಮೂರಿಶ್ ಐಡಲ್ ಕೂಡ ಇದೇ ಸಾಲಿಗೆ ಸೇರುತ್ತವೆ. ಇವುಗಳನ್ನು ಸಮುದ್ರದಲ್ಲೇ ಬಿಡುವುದು ಸರಿಯಾದ ಆಯ್ಕೆ.

ಗಾತ್ರ ಮತ್ತು ತೊಟ್ಟಿ

ಅಂಗಡಿಯಲ್ಲಿ ಕಾಣುವುದು ಬಹುಮಟ್ಟಿಗೆ ಮರಿಮೀನುಗಳು. ‘ಫೈಂಡಿಂಗ್ ಡೋರಿ’ಯಿಂದ ಪ್ರಸಿದ್ಧವಾದ ನೀಲಿ ಟ್ಯಾಂಗ್ ನಾಣ್ಯದಷ್ಟಿರುವಾಗ ಮಾರಾಟಕ್ಕೆ ಬರುತ್ತದೆ, ಬೆಳೆದಾಗ 30 ಸೆಂಟಿಮೀಟರ್ ಮುಟ್ಟುತ್ತದೆ. ಹಳದಿ ಟ್ಯಾಂಗ್ 20 ಸೆಂಟಿಮೀಟರಿನಷ್ಟಾಗುತ್ತದೆ. ಎರಡೂ ಹವಳವನ್ನು ತಿನ್ನದೆ ಪಾಚಿ ಮೇಯುವ ಉತ್ತಮ ಮೀನುಗಳೇ ಆದರೂ ದಿನವೂ ಉದ್ದುದ್ದ ಈಜುವ ಸ್ವಭಾವದವು. ಹಳದಿ ಟ್ಯಾಂಗ್‌ಗೆ ಸುಮಾರು 400 ಲೀಟರಿನ, ನೀಲಿ ಟ್ಯಾಂಗ್‌ಗೆ ಅದಕ್ಕೂ ಬಹಳ ದೊಡ್ಡದಾದ ತೊಟ್ಟಿ ಬೇಕು. ಇಕ್ಕಟ್ಟಿನಲ್ಲಿ ಟ್ಯಾಂಗ್‌ಗಳು ಬಾಲದ ಬುಡದಲ್ಲಿರುವ ಚೂರಿಯಂತಹ ಮುಳ್ಳಿನಿಂದ ಒಂದನ್ನೊಂದು ಗಾಯಗೊಳಿಸುತ್ತವೆ. ಮೂರು ಚುಕ್ಕೆಯ ಡ್ಯಾಮ್ಸೆಲ್ ಮರಿಯಾಗಿದ್ದಾಗ ಮುದ್ದಾಗಿದ್ದು ಬೆಳೆದ ಮೇಲೆ ತೊಟ್ಟಿಯನ್ನೆಲ್ಲ ಆಳುತ್ತದೆ. ಅಗ್ಗವೆಂದು ಮೊದಲಿಗೆ ಅದನ್ನೇ ತಂದವರು ಹಲವರು.

ಮೀನು ಹೆಚ್ಚಾದಷ್ಟೂ ಆಹಾರ ಹೆಚ್ಚು, ಮಲ ಹೆಚ್ಚು, ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಹೆಚ್ಚು. ಇವೆರಡು ಏರಿದರೆ ಪಾಚಿ ಹಬ್ಬಿ ಹವಳ ಮಂಕಾಗುತ್ತದೆ. ಹೀಗೆ, ಹವಳವನ್ನು ಒಮ್ಮೆಯೂ ಕಚ್ಚದ ಮೀನುಗಳು ಸಂಖ್ಯೆಯಿಂದಲೇ ಹವಳವನ್ನು ಕೊಲ್ಲಬಲ್ಲವು. ಆದ್ದರಿಂದ ಹವಳದ ತೊಟ್ಟಿಯಲ್ಲಿ ಮೀನುಗಳ ಸಂಖ್ಯೆಯನ್ನು ಮೀನು ಮಾತ್ರ ಇರುವ ತೊಟ್ಟಿಗಿಂತ ಕಡಿಮೆ ಇರಿಸಲಾಗುತ್ತದೆ. ನೀರಿನ ಸಾಪೇಕ್ಷ ಸಾಂದ್ರತೆ 1.025ರ ಸುತ್ತ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಪಿಎಚ್ 8.1ರಿಂದ 8.4 ಇರಬೇಕು. ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಮೊದಲು ಯಾವ ಮೀನನ್ನೂ ಬಿಡಬಾರದು.

ಬಿಡುವ ಕ್ರಮವೂ ಮುಖ್ಯ. ಮೊದಲು ಬಂದ ಮೀನು ತೊಟ್ಟಿಯನ್ನೆಲ್ಲ ತನ್ನ ಎಲ್ಲೆಯೆಂದು ಭಾವಿಸುತ್ತದೆ. ಸಾಧು ಸ್ವಭಾವದ ಗೋಬಿ, ಫೈರ್‌ಫಿಶ್‌ಗಳನ್ನು ಮೊದಲು, ಕ್ಲೌನ್‌ಮೀನುಗಳನ್ನು ನಂತರ, ಟ್ಯಾಂಗ್ ಅಥವಾ ರಾಸ್‌ಗಳನ್ನು ಎಲ್ಲಕ್ಕಿಂತ ಕೊನೆಗೆ, ಪ್ರತಿಯೊಂದರ ನಡುವೆ ಕೆಲವು ವಾರಗಳ ಅಂತರವಿರಿಸಿ ಬಿಡುವುದು ರೂಢಿ. ಒಂದೇ ಆಕಾರದ, ಒಂದೇ ಬಣ್ಣದ, ಒಂದೇ ಆಹಾರದ ಎರಡು ಮೀನುಗಳು ಜಗಳವಾಡುವ ಸಂಭವ ಹೆಚ್ಚು.

ಕ್ವಾರಂಟೈನ್

ಹೊಸ ಮೀನನ್ನು ನಾಲ್ಕರಿಂದ ಆರು ವಾರ ಪ್ರತ್ಯೇಕ ತೊಟ್ಟಿಯಲ್ಲಿ ಇರಿಸುವ ಪದ್ಧತಿಗೆ ಹವಳದ ಅಕ್ವೇರಿಯಂನಲ್ಲಿ ವಿಶೇಷ ಮಹತ್ವವಿದೆ. ಸಮುದ್ರದ ಮೀನುಗಳಿಗೆ ತಗಲುವ ಬಿಳಿಚುಕ್ಕೆ ರೋಗವು ಕ್ರಿಪ್ಟೊಕಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿಯಿಂದ ಬರುತ್ತದೆ. ಅದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಔಷಧಿ ತಾಮ್ರದ ಲವಣ. ಮೀನನ್ನು ಉಳಿಸುವ ಆ ತಾಮ್ರವು ಹವಳ, ಸಿಗಡಿ, ಬಸವನಹುಳುಗಳಿಗೆ ಮಾರಕ ವಿಷ. ಒಮ್ಮೆ ಬೆರೆಸಿದರೆ ಕಲ್ಲು, ಮರಳುಗಳಲ್ಲಿ ಹೀರಿಕೊಂಡು ಬಹುಕಾಲ ಉಳಿಯುತ್ತದೆ. ಎಂದರೆ, ಹವಳದ ತೊಟ್ಟಿಯಲ್ಲಿ ರೋಗ ಕಾಣಿಸಿಕೊಂಡರೆ ಅಲ್ಲಿಯೇ ತಾಮ್ರದ ಚಿಕಿತ್ಸೆ ನೀಡುವಂತಿಲ್ಲ. ಎಲ್ಲ ಮೀನುಗಳನ್ನೂ ಹೊರತೆಗೆದು ಬೇರೆಡೆ ಚಿಕಿತ್ಸೆ ನೀಡಿ, ಪರಾವಲಂಬಿಗೆ ಆಶ್ರಯ ಸಿಗದಂತೆ ಮುಖ್ಯ ತೊಟ್ಟಿಯನ್ನು ಹಲವು ವಾರ ಮೀನಿಲ್ಲದೆ ಇಡಬೇಕಾಗುತ್ತದೆ. ಕಲ್ಲು, ಮರಳು ಇಲ್ಲದ, ಅಡಗಲು ಒಂದೆರಡು ಪಿವಿಸಿ ಕೊಳವೆಯ ತುಂಡುಗಳಿರುವ ಸಣ್ಣ ತೊಟ್ಟಿಯೇ ಕ್ವಾರಂಟೈನ್‌ಗೆ ಸಾಕು.

ಮೀನುಗಳ ಮೂಲ

ಅಕ್ವೇರಿಯಂ ವ್ಯಾಪಾರದಲ್ಲಿರುವ ಸಮುದ್ರದ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಸಮುದ್ರದಿಂದಲೇ ಹಿಡಿದವು. 1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಮೊದಲಾದ ಸಯನೈಡ್ ಪದ್ಧತಿಯಲ್ಲಿ, ಮುಳುಗುಗಾರರು ಸೋಡಿಯಂ ಸಯನೈಡ್ ದ್ರಾವಣವನ್ನು ಹವಳದ ಸಂದುಗಳಿಗೆ ಚಿಮುಕಿಸಿ, ಪ್ರಜ್ಞೆ ತಪ್ಪಿದ ಮೀನುಗಳನ್ನು ಹೆಕ್ಕುತ್ತಾರೆ. ಸುತ್ತಲಿನ ಹವಳ ಸಾಯುತ್ತದೆ. ಹಿಡಿದ ಮೀನುಗಳಲ್ಲಿಯೂ ಅನೇಕವು ಮುಂದೆ ಕಾರಣ ತಿಳಿಯದಂತೆ ಸಾಯುತ್ತವೆ. ಈ ಪದ್ಧತಿ ಕಾನೂನುಬಾಹಿರವಾದರೂ ಪೂರ್ಣವಾಗಿ ನಿಂತಿಲ್ಲ. ಮನೆಯ ತೊಟ್ಟಿಯಲ್ಲಿ ಹವಳಸ್ನೇಹಿಯಾದ ಮೀನು ತಾನು ಬಂದ ದಿಬ್ಬದ ಹವಳವನ್ನು ಕೊಂದು ಬಂದಿರಬಹುದಾದ್ದರಿಂದ, ಮೀನು ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಆಯ್ಕೆಯ ಭಾಗವೇ ಆಗಿದೆ.

ಸಾಕಿದ ಸ್ಥಿತಿಯಲ್ಲಿ ಹುಟ್ಟಿದ ಮೀನುಗಳು ತೊಟ್ಟಿಯ ಆಹಾರಕ್ಕೆ ಒಗ್ಗಿರುತ್ತವೆ. ಕ್ಲೌನ್‌ಮೀನು, ಬಂಗ್ಗಾಯ್ ಕಾರ್ಡಿನಲ್, ಕೆಲವು ಡಾಟಿಬ್ಯಾಕ್ ಮತ್ತು ಗೋಬಿಗಳು ಈ ರೀತಿ ಬಹುಕಾಲದಿಂದ ದೊರೆಯುತ್ತಿವೆ. ಹಳದಿ ಟ್ಯಾಂಗ್‌ನ ಲಾರ್ವಾಗಳನ್ನು ಮರಿಯಾಗುವವರೆಗೆ ಬೆಳೆಸುವಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಯಶಸ್ವಿಯಾಯಿತು. ನೀಲಿ ಟ್ಯಾಂಗ್ ವಿಷಯದಲ್ಲಿ ಫ್ಲಾರಿಡ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಅದನ್ನೇ ಸಾಧಿಸಿದರು.

ಭಾರತದಲ್ಲಿ

ಭಾರತದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್‌ಮೀನು ಮತ್ತು ಡ್ಯಾಮ್ಸೆಲ್‌ಗಳ ಹಲವು ಜಾತಿಗಳನ್ನು ಹ್ಯಾಚರಿಯಲ್ಲಿ ಮರಿಮಾಡಿಸುವ ವಿಧಾನಗಳನ್ನು ರೂಪಿಸಿದೆ. ಸಮುದ್ರದಿಂದ ದೂರವಿರುವ ಊರುಗಳಲ್ಲಿ ಆರ್‌ಓ ಶುದ್ಧೀಕರಿಸಿದ ನೀರಿಗೆ ಕೃತಕ ಸಮುದ್ರ ಲವಣ ಬೆರೆಸಿ ತೊಟ್ಟಿ ತುಂಬುತ್ತಾರೆ. ಅಡುಗೆ ಉಪ್ಪು ಇದಕ್ಕೆ ಬಾರದು. ಬೇಸಗೆಯಲ್ಲಿ ಕರಾವಳಿಯ ಮನೆಗಳಲ್ಲಿ ನೀರಿನ ಉಷ್ಣತೆ ಸುಲಭವಾಗಿ 30 ಡಿಗ್ರಿ ದಾಟುವುದರಿಂದ ಚಿಲ್ಲರ್ ಅನಿವಾರ್ಯವಾಗುತ್ತದೆ. ವಿದ್ಯುತ್ ನಿಂತಾಗ ನೀರಿನ ಆಮ್ಲಜನಕ ಇಳಿಯುವುದರಿಂದ ಬ್ಯಾಟರಿಯ ಗಾಳಿಪಂಪ್ ಸಿದ್ಧವಿರಬೇಕು.

ಕಾನೂನಿನ ವಿಷಯ ಎಲ್ಲಕ್ಕಿಂತ ಗಂಭೀರವಾದುದು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಗಾರ್ಗೋನಿಯಗಳನ್ನು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿ, ಆನೆಗಳಿಗಿರುವ ರಕ್ಷಣೆಯೇ ಅವುಗಳಿಗೂ ಇದೆ. ಭಾರತದ ಸಮುದ್ರದಿಂದ ಇವುಗಳನ್ನು, ಜೀವಂತವಾಗಲಿ ಒಣಗಿದ್ದಾಗಲಿ, ತೆಗೆಯುವುದು, ಮಾರುವುದು ಅಪರಾಧ. ಉತ್ತರ ಕನ್ನಡದ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳಿಗೂ ಇದು ಅನ್ವಯಿಸುತ್ತದೆ. ವಿದೇಶಿ ಪಟ್ಟಿಗಳಲ್ಲಿ ಹವಳಸ್ನೇಹಿ ಎಂದು ಕಾಣಿಸಿಕೊಳ್ಳುವ ಕಡಲಕುದುರೆಗಳು ಮತ್ತು ಅವುಗಳ ಕುಟುಂಬದ ಪೈಪ್‌ಫಿಶ್‌ಗಳು ಕೂಡ ಇದೇ ಅನುಸೂಚಿಯಲ್ಲಿವೆ. ಈ ಕಾರಣದಿಂದ ಭಾರತದಲ್ಲಿ ಹಲವರು ಕೃತಕ ಕಲ್ಲುಗಳನ್ನು ಜೋಡಿಸಿ, ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್‌ಮೀನು, ಗೋಬಿಗಳಂತಹ ಕೆಲವೇ ಮೀನುಗಳನ್ನು ಸಾಕುತ್ತಾರೆ.